ಎರಡು ದಿಂಬಿನಿಂದ ಶುರು: ಅರವತ್ತು ದಾಟಿದವರಿಗೆ ಬಲದ ವ್ಯಾಯಾಮ

ನಮ್ಮ ಅಮ್ಮನಿಗೆ ಎಪ್ಪತ್ತೆಂಟು ತುಂಬಿದ ವರ್ಷ ದೇವರ ಮನೆಯ ಮಣೆಯಿಂದ ತಾನಾಗಿ ಏಳುವುದು ನಿಂತುಹೋಯಿತು. ಮೊದಮೊದಲು ಬಾಗಿಲ ಚೌಕಟ್ಟು ಹಿಡಿದು ಏಳುತ್ತಿದ್ದಳು. ಆಮೇಲೆ ನನ್ನನ್ನು ಕೂಗಿ ಕರೆಯತೊಡಗಿದಳು. ಕೊನೆಗೆ ಮಣೆಯ ಜಾಗಕ್ಕೆ ಕುರ್ಚಿ ಬಂತು. ಒಂದು ಬೆಳಿಗ್ಗೆ ಆ ಕುರ್ಚಿಯಿಂದಲೂ ಎರಡು ಸಲ ಮುಂದಕ್ಕೆ ವಾಲಿ, ಆಗದೆ, ಮೂರನೆಯ ಸಲ ತೊಡೆಯ ಮೇಲೆ ಕೈಯೂರಿ ಎದ್ದದ್ದನ್ನು ಕಂಡೆ. ಅವಳು ದಿನಾ ಅರ್ಧ ಗಂಟೆ ಪಾರ್ಕಿನಲ್ಲಿ ನಡೆಯುವವಳು. ಬಿಪಿ ಮಾತ್ರೆಯಿಂದ ಹಿಡಿತದಲ್ಲಿತ್ತು, ಬೇರೆ ಕಾಯಿಲೆ ಇರಲಿಲ್ಲ. ಕಾಲಿನಲ್ಲಿ ಬಲ ಇರಲಿಲ್ಲ, ಅಷ್ಟೇ.

ನಾವು ಹೋಗಿ ಕಂಡ ಫಿಸಿಯೋಥೆರಪಿಸ್ಟ್ ಮುಲಾಮು ಕೊಡಲಿಲ್ಲ, ಪಟ್ಟಿ ಕಟ್ಟಲಿಲ್ಲ. ಗೋಡೆಗೆ ಒತ್ತಿ ಮರದ ಕುರ್ಚಿಯೊಂದನ್ನು ಇಟ್ಟು, ಅದರ ಮೇಲೆ ಎರಡು ಗಟ್ಟಿ ದಿಂಬು ಹಾಕಿ, 'ಅಮ್ಮಾ, ಇಲ್ಲಿ ಕೂತು, ಕೈ ಊರದೆ ಎದ್ದು ತೋರಿಸಿ' ಎಂದರು. ಅಷ್ಟು ಎತ್ತರದಿಂದ ಅಮ್ಮ ಸಲೀಸಾಗಿ ಎದ್ದಳು. 'ಸರಿ, ನಿಮ್ಮ ವ್ಯಾಯಾಮ ಇಲ್ಲಿಂದ ಶುರು. ಒಂದೊಂದೇ ದಿಂಬು ತೆಗೆಯುತ್ತಾ ಹೋಗೋಣ' ಎಂದರು. ಐದು ವಾರಕ್ಕೆ ಒಂದು ದಿಂಬು ಹೋಯಿತು. ಮೂರನೆಯ ತಿಂಗಳಲ್ಲಿ ಎರಡನೆಯದೂ ಹೋಯಿತು. ಆಮೇಲೆ ಎದೆಗೆ ಒಂದು ಲೀಟರ್ ನೀರಿನ ಬಾಟಲಿ ಅವಚಿಕೊಂಡು ಎದ್ದಳು, ಆಮೇಲೆ ಎರಡು ಕಿಲೋ ಅಕ್ಕಿಯ ಚೀಲ.

ಇಡೀ ಶಾಸ್ತ್ರ ಈ ದಿಂಬುಗಳಲ್ಲೇ ಇದೆ. ಇವತ್ತು ನಿಮ್ಮಿಂದ ಆಗುವ ಎತ್ತರ ಅಥವಾ ತೂಕ ಯಾವುದೆಂದು ಕಂಡುಕೊಳ್ಳಬೇಕು, ಅಲ್ಲಿಂದ ಹೊರಡಬೇಕು, ಅಲ್ಲೇ ನಿಲ್ಲಬಾರದು. ಮನೆಯಲ್ಲೇ ಇದನ್ನು ಮಾಡುವ ಕ್ರಮವನ್ನು, ಅಮ್ಮನ ಜೊತೆ ನಾನೂ ಮಾಡುತ್ತಾ ಕಲಿತಂತೆ, ಇಲ್ಲಿ ಬರೆಯುತ್ತಿದ್ದೇನೆ.

ನಡಿಗೆಯೊಂದೇ ಏಕೆ ಸಾಲದು

ನಡಿಗೆ ಒಳ್ಳೆಯದು, ಬಿಡಬೇಡಿ. ಹೃದಯಕ್ಕೆ, ಉಸಿರಿಗೆ, ಮನಸ್ಸಿಗೆ ಅದು ಬೇಕು. ಆದರೆ ಐವತ್ತು ವರ್ಷದಿಂದ ನಡೆಯುತ್ತಿರುವ ಕಾಲಿಗೆ ಸಮತಟ್ಟಾದ ನೆಲದ ನಡಿಗೆ ಹೊಸ ಭಾರವಲ್ಲ. ಭಾರ ಹೆಚ್ಚದೆ ಸ್ನಾಯು ಬೆಳೆಯುವುದಿಲ್ಲ.

ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ಶೇಕಡ 3ರಿಂದ 8ರಷ್ಟು ಸ್ನಾಯು ಕರಗುತ್ತದೆ. ಅರವತ್ತರ ನಂತರ ಈ ಇಳಿತ ಇನ್ನೂ ಚುರುಕಾಗುತ್ತದೆ, ಬಲವಂತೂ ಸ್ನಾಯುವಿಗಿಂತ ಬೇಗ ಇಳಿಯುತ್ತದೆ. 1989ರಲ್ಲಿ ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ ಇದಕ್ಕೆ ಸಾರ್ಕೋಪೀನಿಯಾ ಎಂಬ ಹೆಸರು ಕೊಟ್ಟರು. ಸ್ನಾಯುವಿನ ಎಳೆಗಳಲ್ಲಿ ನಿಧಾನದವು, ವೇಗದವು ಎಂದು ಎರಡು ಬಗೆ. ವಯಸ್ಸಿನ ಏಟು ಹೆಚ್ಚು ಬೀಳುವುದು ವೇಗದ ಎಳೆಗಳ ಮೇಲೆ. ಹೊಸ್ತಿಲು ಎಡವಿದಾಗ ಥಟ್ಟನೆ ಕಾಲು ಮುಂದಿಟ್ಟು ನಮ್ಮನ್ನು ಉಳಿಸುವ ಎಳೆಗಳೇ ಅವು. ಊರಲ್ಲಿ ಎಷ್ಟೋ ಹಿರಿಯರು ಬಚ್ಚಲಿನಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಳ್ಳುವುದನ್ನು ನೋಡುತ್ತೇವೆ. ನೆಲ ಒದ್ದೆಯಾಗಿತ್ತು ಎನ್ನುತ್ತೇವೆ. ಒದ್ದೆ ನೆಲ ಮೊದಲೂ ಇತ್ತು, ಆಗ ಕಾಲು ಸಾವರಿಸಿಕೊಳ್ಳುತ್ತಿತ್ತು.

ಇಷ್ಟು ವಯಸ್ಸಾದ ಮೇಲೆ ಬಲ ಮತ್ತೆ ಬರುತ್ತದೆಯೇ ಎಂದು ಕೇಳುವವರಿಗೆ ಒಂದು ಪ್ರಯೋಗದ ಕಥೆ ಹೇಳಬೇಕು. 1990ರಲ್ಲಿ ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ, ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ತೊಡೆಯ ಸ್ನಾಯುವಿನ ಭಾರದ ವ್ಯಾಯಾಮ ಮಾಡಿಸಿದರು. ಹಗುರ ಕವಾಯತಲ್ಲ, ಅವರವರ ಶಕ್ತಿಗೆ ಕಷ್ಟವೆನಿಸುವಷ್ಟೇ ಭಾರ. ಕೊನೆಯವರೆಗೆ ಉಳಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ ಶೇಕಡ 174ರಷ್ಟು ಏರಿತ್ತು. ಇಬ್ಬರು ಊರುಗೋಲು ಬಿಟ್ಟು ನಡೆದರು. ತೊಂಬತ್ತರವರಿಗೆ ಆದದ್ದು ಅರವತ್ತೆಂಟರವರಿಗೆ ಆಗದೇ?

2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಅರವತ್ತೈದು ದಾಟಿದವರು ವಾರಕ್ಕೆ 150 ನಿಮಿಷವಾದರೂ ಉಸಿರು ಸ್ವಲ್ಪ ಏರುವಂಥ ಓಡಾಟ ಮಾಡಬೇಕು. ಅದರ ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ, ಮೂರು ದಿನ ಸಮತೋಲನ ಮತ್ತು ಬಲ ಎರಡೂ ಕೂಡಿದ ಚಟುವಟಿಕೆ ಬೇಕು. ನಮ್ಮಲ್ಲಿ ಮೊದಲ ಮಾತು ಮಾತ್ರ ಎಲ್ಲರ ಕಿವಿಗೆ ಬಿದ್ದಿದೆ. ಬೆಳಗಿನ ಪಾರ್ಕುಗಳು ತುಂಬಿರುತ್ತವೆ, ಕುರ್ಚಿಯ ಮುಂದೆ ನಿಂತು ಬಸ್ಕಿ ಹೊಡೆಯುವ ಅಜ್ಜ ಅಜ್ಜಿಯರು ಕಾಣುವುದಿಲ್ಲ.

ಶುರುವಿಗೆ ಮೊದಲು

ಮೊದಲು ವೈದ್ಯರ ಮಾತು. ಬಿಪಿ ಹಿಡಿತಕ್ಕೆ ಬಾರದವರು, ಇತ್ತೀಚೆಗೆ ಹೃದಯಾಘಾತವಾದವರು, ನಡೆದಾಗ ಎದೆನೋವು ಬರುವವರು, ಹೃದಯದ ಕವಾಟದ ತೊಂದರೆ ಇರುವವರು, ಹರ್ನಿಯಾ ಇರುವವರು, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಅಕ್ಷಿಪಟಲಕ್ಕೆ ಪೆಟ್ಟಾದವರು, ಹೊಸದಾಗಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ತಮ್ಮ ವೈದ್ಯರನ್ನು ಕೇಳದೆ ಭಾರ ಮುಟ್ಟಬಾರದು. ಕೇಳುವಾಗ ಸುಮ್ಮನೆ 'ವ್ಯಾಯಾಮ ಮಾಡಬಹುದೇ' ಎಂದರೆ ಅವರು 'ನಡೆಯಿರಿ' ಎಂದು ಕಳಿಸಿಬಿಡುತ್ತಾರೆ. 'ಐದು ಕಿಲೋ ಚೀಲ ಎತ್ತಿ ಇಳಿಸಬಹುದೇ, ಕುರ್ಚಿಯಿಂದ ಹತ್ತು ಸಲ ಎದ್ದು ಕೂರಬಹುದೇ' ಎಂದು ಬಿಡಿಸಿ ಕೇಳಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಬರೀ ಹೊಟ್ಟೆಯಲ್ಲಿ ಮಾಡಬೇಡಿ. ಸ್ನಾಯು ರಕ್ತದ ಸಕ್ಕರೆಯನ್ನು ಹೀರಿಕೊಳ್ಳುವುದರಿಂದ ಅದು ಜರ್ರನೆ ಇಳಿಯಬಹುದು. ಪಕ್ಕದಲ್ಲಿ ಒಂದು ತುಂಡು ಬೆಲ್ಲ ಇರಲಿ. ಬಿಪಿ ಮಾತ್ರೆಯವರಿಗೆ ಥಟ್ಟನೆ ಎದ್ದರೆ ತಲೆ ಸುತ್ತುವುದುಂಟು. ಪ್ರತಿ ಸುತ್ತಿನ ಕೊನೆಗೆ ನಿಂತಲ್ಲೇ ಎರಡು ಉಸಿರು ಎಳೆದುಕೊಂಡು ಆಮೇಲೆ ಹೆಜ್ಜೆ ಇಡಿ. ಮೂಳೆ ಸವೆತ ಇದೆ ಎಂದು ಗೊತ್ತಿರುವವರು ಬೆನ್ನು ಗೂನು ಮಾಡಿ ಬಗ್ಗುವುದು, ಭಾರ ಹಿಡಿದು ಸೊಂಟ ತಿರುಚುವುದು ಎರಡನ್ನೂ ಬಿಡಬೇಕು. ಆದರೆ ವ್ಯಾಯಾಮವನ್ನೇ ಬಿಡಬೇಕಿಲ್ಲ. ಮೂಳೆಗೂ ಭಾರ ಬೇಕು. ಆಸ್ಟ್ರೇಲಿಯಾದಲ್ಲಿ ಮೂಳೆ ಸವೆದ ಹೆಂಗಸರಿಗೆ ಎಂಟು ತಿಂಗಳು, ವಾರಕ್ಕೆ ಎರಡು ಸಲ, ತಜ್ಞರ ಕಣ್ಣೆದುರಿಗೇ ದೊಡ್ಡ ಭಾರ ಎತ್ತಿಸಿ ನೋಡಿದ್ದಾರೆ. ಸೊಂಟ ಮತ್ತು ಬೆನ್ನುಮೂಳೆಯ ಸಾಂದ್ರತೆ ಸುಧಾರಿಸಿತ್ತು.

ಇನ್ನು ನಿಮ್ಮ ಈಗಿನ ಬಲ ಎಷ್ಟೆಂದು ಅಳೆಯಿರಿ. ಸುಮಾರು 43 ಸೆಂಟಿಮೀಟರ್ ಎತ್ತರದ, ಕೈ ಇಲ್ಲದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಎರಡೂ ಕೈಯನ್ನು ಎದೆಯ ಮೇಲೆ ಕತ್ತರಿಯಾಗಿ ಇಟ್ಟುಕೊಳ್ಳಿ. ಮೂವತ್ತು ಸೆಕೆಂಡಿನಲ್ಲಿ ಪೂರ್ತಿ ಎದ್ದು ಪೂರ್ತಿ ಕೂರುವುದು ಎಷ್ಟು ಸಲ ಆಗುತ್ತದೆ ಎಂದು ಮನೆಯವರೊಬ್ಬರು ಮೊಬೈಲ್ ಹಿಡಿದು ಎಣಿಸಲಿ. ಕೈ ಊರಿದರೆ ಲೆಕ್ಕ ಸೊನ್ನೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಬಳಸುವ ಪಟ್ಟಿಯ ಪ್ರಕಾರ, 60ರಿಂದ 64ರ ಗಂಡಸರಿಗೆ 14ಕ್ಕಿಂತ, ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ಬಲ ಸಾಲದು ಎಂದರ್ಥ. 70ರಿಂದ 74ಕ್ಕೆ ಈ ಅಂಕಿ 12 ಮತ್ತು 10, 80ರಿಂದ 84ಕ್ಕೆ 10 ಮತ್ತು 9. ಅಮ್ಮನ ಮೊದಲ ಲೆಕ್ಕ ಸೊನ್ನೆಯೇ ಆಗಿತ್ತು. ನಿಮ್ಮದೂ ಸೊನ್ನೆಯಾದರೆ ಕುಗ್ಗಬೇಡಿ, ದಿಂಬು ಇದೆ. ಬಂದ ಅಂಕಿಯನ್ನು ತಾರೀಖಿನ ಜೊತೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಬೇಕಾದ ಸಾಮಾನು: ಗಟ್ಟಿ ಮರದ ಕುರ್ಚಿ (ಪ್ಲಾಸ್ಟಿಕ್ಕಿನದು ಬಾಗುತ್ತದೆ, ಜಾರುತ್ತದೆ), ಎರಡು ಬಟ್ಟೆ ಚೀಲ, ಒಂದಿಷ್ಟು ಅಕ್ಕಿ, ನೀರಿನ ಬಾಟಲಿಗಳು, ಫಿಸಿಯೋಥೆರಪಿಯವರು ಬಳಸುವ ರಬ್ಬರ್ ಪಟ್ಟಿ ಒಂದು. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ, ಹಾಗಾಗಿ ತಕ್ಕಡಿಯೂ ಬೇಡ. ಸಾಕ್ಸ್ ಹಾಕಿಕೊಂಡು ಮೊಸಾಯಿಕ್ ನೆಲದ ಮೇಲೆ ಮಾಡಬೇಡಿ. ಬರಿಗಾಲು ಸಾಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಮಾತ್ರ ಹಿಡಿತವಿರುವ ಬೂಟು ಹಾಕಿಕೊಳ್ಳಿ.

ಮೊದಲನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಕುರ್ಚಿ ಬಸ್ಕಿ

ಒಂದೇ ಒಂದು ವ್ಯಾಯಾಮ ಮಾಡಲು ಮಾತ್ರ ಮನಸ್ಸಿದೆ ಎನ್ನುವವರು ಇದನ್ನೇ ಮಾಡಿ. ಶೌಚಾಲಯದಿಂದ ಏಳುವುದು, ಬಸ್ಸಿನ ಸೀಟಿನಿಂದ ಏಳುವುದು, ಮದುವೆ ಮನೆಯ ಪಂಕ್ತಿಯಿಂದ ಏಳುವುದು ಎಲ್ಲವೂ ಇದೇ ಚಲನೆ.

ಕುರ್ಚಿಯ ಅಂಚಿಗೆ ಸರಿದು ಕೂರಿ. ಪಾದಗಳು ಸೊಂಟದಷ್ಟು ಅಗಲ, ಹಿಮ್ಮಡಿ ಮಂಡಿಗಿಂತ ಸ್ವಲ್ಪ ಹಿಂದೆ. ಹೆಚ್ಚಿನವರು ಎಡವುವುದು ಇಲ್ಲೇ. ಪಾದ ಮುಂದೆ ಚಾಚಿಕೊಂಡು ಏಳಲು ಹೋದರೆ ಯಾರಿಗೂ ಆಗುವುದಿಲ್ಲ. ಬೆನ್ನು ನೆಟ್ಟಗಿಟ್ಟು ಸೊಂಟದಿಂದ ಮುಂದಕ್ಕೆ ಬಾಗಿ, ಮೂಗು ಕಾಲಿನ ಬೆರಳುಗಳ ನೇರಕ್ಕೆ ಬರುವವರೆಗೆ. ಈಗ ಹಿಮ್ಮಡಿಯಿಂದ ನೆಲವನ್ನು ಒತ್ತಿ ಏಳಿ. ಏಳುವಾಗ ಬಾಯಿಂದ ಉಸಿರು ಬಿಡಿ. ಉಸಿರು ಬಿಗಿಹಿಡಿದು ಮುಕ್ಕಿದರೆ ಬಿಪಿ ಒಮ್ಮೆಲೇ ಏರುತ್ತದೆ. ಅಮ್ಮನಿಗೆ ಈ ಅಭ್ಯಾಸ ಬಿಡಿಸಲು ನಾವು ಕಂಡುಕೊಂಡ ಉಪಾಯ ಜೋರಾಗಿ ಎಣಿಸುವುದು. 'ಒಂದು', 'ಎರಡು' ಎಂದು ಬಾಯಿಬಿಟ್ಟು ಹೇಳುವವರು ಉಸಿರು ಕಟ್ಟಲಾರರು.

ಪೂರ್ತಿ ನಿಂತು, ಪೃಷ್ಠವನ್ನು ಒಮ್ಮೆ ಬಿಗಿಮಾಡಿ. ಇಳಿಯುವಾಗ ಮನಸ್ಸಿನಲ್ಲೇ ಮೂರರವರೆಗೆ ಎಣಿಸುತ್ತಾ ನಿಧಾನವಾಗಿ ಕೂರಿ. ಧೊಪ್ಪೆಂದು ಕುರ್ಚಿಗೆ ಬೀಳುವವರು ಅರ್ಧ ವ್ಯಾಯಾಮವನ್ನೇ ಕಳೆದುಕೊಳ್ಳುತ್ತಾರೆ, ಬೆನ್ನುಮೂಳೆಗೂ ಏಟು. ಮಂಡಿಗಳು ಒಳಕ್ಕೆ ಕೂಡಿಕೊಳ್ಳದಂತೆ ನೋಡಿಕೊಳ್ಳಿ. ಎರಡು ಪಾದಗಳ ಕಿರುಬೆರಳ ಕಡೆಗೆ ಅವು ನೋಡುತ್ತಿರಲಿ.

ಎಂಟು ಸಲ ಆದ ಮೇಲೆ ಒಂದೂವರೆ ಎರಡು ನಿಮಿಷ ವಿರಾಮ, ಮತ್ತೆ ಎಂಟು. ಎರಡು ಸುತ್ತೂ ಹನ್ನೆರಡಕ್ಕೆ ತಲುಪಿ, ಇನ್ನೂ ಮೂರು ನಾಲ್ಕು ಮಾಡಬಹುದಿತ್ತು ಎನಿಸಿದ ದಿನ ಮುಂದಿನ ಮೆಟ್ಟಿಲಿಗೆ ಹೋಗಿ. ಎರಡು ದಿಂಬು, ಒಂದು ದಿಂಬು, ಬರೀ ಕುರ್ಚಿ, ಎದೆಗೆ ಬಾಟಲಿ, ಎದೆಗೆ ಚೀಲ. ಎರಡು ತಿಂಗಳು ಕಳೆದು ದೇಹ ಒಗ್ಗಿದ ಮೇಲೆ ಒಂದು ಬದಲಾವಣೆ ಮಾಡಿ. ಕೂರುವುದು ಹಾಗೇ ನಿಧಾನ, ಏಳುವುದು ಮಾತ್ರ ಆದಷ್ಟು ಚುರುಕು. ಆ ವೇಗದ ಎಳೆಗಳನ್ನು ಎಬ್ಬಿಸುವ ದಾರಿ ಅದೇ.

ಎರಡನೆಯದು: ನೀರು ಸೇದುವ ಎಳೆತ

ನನ್ನಜ್ಜಿ ಎಪ್ಪತ್ತೈದರವರೆಗೂ ಬಾವಿಯಿಂದ ನೀರು ಸೇದಿದವಳು. ಒರಳಿನಲ್ಲಿ ರುಬ್ಬುವುದು, ಒನಕೆಯಲ್ಲಿ ಕುಟ್ಟುವುದು, ಕೊಡ ಹೊರುವುದು ಅವಳ ದಿನದಲ್ಲೇ ಇದ್ದವು. ಆ ದುಡಿಮೆ ಎಷ್ಟೋ ಹೆಂಗಸರ ಮೈ ಸವೆಸಿತ್ತು ಎಂಬುದನ್ನು ನಾನು ಮರೆತಿಲ್ಲ, ಆ ಕಾಲ ಮತ್ತೆ ಬರಲಿ ಎಂದೂ ಹೇಳುತ್ತಿಲ್ಲ. ನಲ್ಲಿ ಮತ್ತು ಮಿಕ್ಸಿ ಬಂದಾಗ ಹೊರೆಯ ಜೊತೆಗೆ ಎಳೆಯುವ, ಒತ್ತುವ, ಎತ್ತುವ ಅಭ್ಯಾಸವೂ ಮನೆಯಿಂದ ಹೋಯಿತು. ಅದನ್ನು ವಾರಕ್ಕೆ ಮೂರು ಸಲ, ಇಪ್ಪತ್ತೈದು ನಿಮಿಷ ಮರಳಿ ತಂದರೆ ಸಾಕು.

ರಬ್ಬರ್ ಪಟ್ಟಿಯನ್ನು ಕಿಟಕಿಯ ಸರಳಿನ ಹಿಂದಿನಿಂದ ಹಾಯಿಸಿ ಎರಡು ತುದಿಯನ್ನೂ ಹಿಡಿದು ಕುರ್ಚಿಯಲ್ಲಿ ಕೂರಿ. ಮೊಣಕೈ ಪಕ್ಕೆಗೆ ಉಜ್ಜಿಕೊಂಡು ಹೋಗುವಂತೆ ಹಿಂದಕ್ಕೆ ಎಳೆಯಿರಿ. ಬೆನ್ನಿನ ಎರಡು ಹೆಗಲಮೂಳೆಗಳು ಒಂದನ್ನೊಂದು ಸಮೀಪಿಸಬೇಕು. ಹೆಗಲನ್ನು ಕಿವಿಯ ಕಡೆಗೆ ಏರಿಸಬೇಡಿ. ನಿಧಾನವಾಗಿ ಬಿಡಿ. ಪಟ್ಟಿಯಲ್ಲಿ ಬಿರುಕು ಬಿಟ್ಟಿದೆಯೇ ಎಂದು ಪ್ರತಿಸಲ ನೋಡಿ, ಹರಿದರೆ ಮುಖಕ್ಕೆ ಬಡಿಯುತ್ತದೆ. ಭಾರ ಹೆಚ್ಚಿಸಲು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದರಾಯಿತು. ಮೊಬೈಲ್ ನೋಡಿ, ಹೊಲಿದು, ಬರೆದು ಮುಂದಕ್ಕೆ ಗೂನಾದ ಬೆನ್ನಿಗೆ ಇದರಷ್ಟು ಹಿತವಾದದ್ದು ಇನ್ನೊಂದಿಲ್ಲ.

ಮೂರನೆಯದು: ಗೋಡೆ ದಂಡ

ಗೋಡೆಯಿಂದ ಒಂದು ಹೆಜ್ಜೆ ದೂರ ನಿಂತು, ಎದೆಯ ಎತ್ತರಕ್ಕೆ ಅಂಗೈ ಊರಿ, ತಲೆಯಿಂದ ಹಿಮ್ಮಡಿವರೆಗೆ ಮೈ ಒಂದು ಹಲಗೆಯಂತೆ ಇಟ್ಟುಕೊಂಡು ಮೊಣಕೈ ಮಡಿಸಿ ಗೋಡೆಯತ್ತ ಹೋಗಿ, ತಳ್ಳಿ ವಾಪಸ್ಸು ಬನ್ನಿ. ಸಲೀಸಾದಾಗ ಗೋಡೆ ಬಿಟ್ಟು ಅಡುಗೆಕಟ್ಟೆಯ ಮೇಲೆ ಕೈ ಊರಿ ಮಾಡಿ. ಕೈ ತಗ್ಗಿದಷ್ಟೂ ಭಾರ ಹೆಚ್ಚು. ಬೀಳುವಾಗ ನೆಲಕ್ಕೆ ಕೈಯೂರಿ ಮುಖ ಉಳಿಸಿಕೊಳ್ಳುವುದೂ ಇದೇ ಬಲದಿಂದ.

ನಾಲ್ಕನೆಯದು: ಚೀಲ ಎತ್ತುವುದು, ಹೊತ್ತು ನಡೆಯುವುದು

ಬಗ್ಗಿ ಏನನ್ನೂ ಎತ್ತಬೇಡಿ ಎಂದು ಹಿರಿಯರಿಗೆ ಎಲ್ಲರೂ ಹೇಳುತ್ತಾರೆ. ನನಗೆ ಆ ಸಲಹೆ ಒಪ್ಪಿಗೆಯಿಲ್ಲ. ಎತ್ತುವ ರೀತಿ ಕಲಿಯಿರಿ ಎನ್ನಬೇಕಿತ್ತು. ಮೊಮ್ಮಗು ಓಡಿ ಬಂದಾಗ, ಸಿಲಿಂಡರ್ ಸರಿಸಬೇಕಾದಾಗ ನೀವು ಎತ್ತಿಯೇ ಎತ್ತುತ್ತೀರಿ.

ಚೀಲದಲ್ಲಿ ಎರಡು ಕಿಲೋ ಅಕ್ಕಿ ಹಾಕಿ ಒಂದು ಸ್ಟೂಲಿನ ಮೇಲಿಡಿ. ಸ್ಟೂಲಿನ ಹತ್ತಿರ ನಿಂತು, ಹಿಂದೆ ಇರುವ ಬಾಗಿಲನ್ನು ಪೃಷ್ಠದಿಂದ ಮುಚ್ಚುವಂತೆ ಸೊಂಟವನ್ನು ಹಿಂದಕ್ಕೆ ತಳ್ಳಿ. ಮಂಡಿ ಸ್ವಲ್ಪವೇ ಮಡಿಯಲಿ, ಬೆನ್ನು ನೆಟ್ಟಗಿರಲಿ. ಬಾಗಬೇಕಾದದ್ದು ಸೊಂಟದ ಕೀಲು, ಬೆನ್ನಲ್ಲ. ಚೀಲದ ಹಿಡಿ ಹಿಡಿದು, ಅದನ್ನು ಮೈಗೆ ಹತ್ತಿರವೇ ಇಟ್ಟುಕೊಂಡು ನೆಟ್ಟಗೆ ನಿಲ್ಲಿ. ಹಾಗೇ ಇಳಿಸಿ. ತಿಂಗಳುಗಳು ಕಳೆದಂತೆ ಸ್ಟೂಲಿನ ಬದಲು ತಗ್ಗಿನ ಮಣೆ, ಎರಡು ಕಿಲೋ ಬದಲು ಐದು ಕಿಲೋ.

ಇದರ ಕೊನೆಗೆ ಎರಡು ಕೈಯಲ್ಲೂ ಒಂದೊಂದು ಚೀಲ ಹಿಡಿದು ಪಡಸಾಲೆಯಲ್ಲಿ ಅರ್ಧ ನಿಮಿಷ ನೆಟ್ಟಗೆ ನಡೆಯಿರಿ. ಆಮೇಲೆ ಒಂದೇ ಕೈಯಲ್ಲಿ, ಮೈ ಆ ಕಡೆಗೆ ವಾಲದಂತೆ. ಮುಷ್ಟಿಯ ಹಿಡಿತ, ಹೆಗಲು, ಸೊಂಟದ ಸುತ್ತಿನ ಸ್ನಾಯು ಎಲ್ಲಕ್ಕೂ ಒಟ್ಟಿಗೇ ಕೆಲಸ. ತರಕಾರಿ ತರುವ ದಿನ ಮನೆಯವರು ಚೀಲ ಕಿತ್ತುಕೊಳ್ಳಲು ಬಂದರೆ ಕೊಡಬೇಡಿ.

ಐದನೆಯದು: ತುದಿಗಾಲು, ಒಂಟಿಗಾಲು, ಮೆಟ್ಟಿಲು

ಅಡುಗೆಕಟ್ಟೆ ಹಿಡಿದು ನಿಂತು ಹಿಮ್ಮಡಿ ಎತ್ತಿ, ಎರಡು ಕ್ಷಣ ತುದಿಗಾಲಲ್ಲಿ ನಿಂತು, ನಿಧಾನ ಇಳಿಸಿ. ಹನ್ನೆರಡು ಸಲ. ಇದು ಮೀನಖಂಡಕ್ಕೆ. ನಂತರ ಅಲ್ಲೇ ಒಂಟಿಗಾಲಲ್ಲಿ ನಿಲ್ಲಿ. ಮೊದಲು ಎರಡು ಕೈ ಹಿಡಿದು, ಆಮೇಲೆ ಒಂದು ಕೈ, ಆಮೇಲೆ ಎರಡು ಬೆರಳು. ಹಾಲು ಉಕ್ಕುವುದನ್ನು ಕಾಯುವ ಹೊತ್ತು ಇದಕ್ಕೆ ಸಾಕು. ಕಟ್ಟೆ ಕೈಗೆಟುಕುವಂತಿರಲಿ, ಕಣ್ಣು ಮುಚ್ಚಬೇಡಿ. ಮನೆಯ ಮುಂದಿನ ಮೆಟ್ಟಿಲಿನ ಕಂಬಿ ಹಿಡಿದು ಒಂದೇ ಮೆಟ್ಟಿಲನ್ನು ಪ್ರತಿ ಕಾಲಿನಿಂದ ಎಂಟೆಂಟು ಸಲ ಹತ್ತಿ ಇಳಿಯುವುದನ್ನೂ ಇದಕ್ಕೆ ಸೇರಿಸಬಹುದು.

ನೆಲದಿಂದ ಏಳುವುದು

ಇದನ್ನು ಮೂರು ನಾಲ್ಕು ತಿಂಗಳ ನಂತರ, ಮನೆಯವರೊಬ್ಬರು ಪಕ್ಕದಲ್ಲಿ ನಿಂತಿರುವಾಗ ಕಲಿಯಿರಿ. ದಪ್ಪ ಜಮಖಾನೆ ಹಾಸಿ, ಮರದ ಕುರ್ಚಿಯನ್ನು ಪಕ್ಕಕ್ಕೇ ಇಟ್ಟುಕೊಳ್ಳಿ. ಮಲಗಿದಲ್ಲಿಂದ ಮಗ್ಗುಲಿಗೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಡುವ ಮಗುವಿನಂತೆ ಕೈ ಮಂಡಿಗಳ ಮೇಲೆ ಬನ್ನಿ. ಕುರ್ಚಿಯ ಮೇಲೆ ಎರಡು ಕೈ ಊರಿ, ಬಲವಾದ ಕಾಲಿನ ಪಾದವನ್ನು ಮುಂದಿಟ್ಟು, ಅದನ್ನೂ ಕೈಗಳನ್ನೂ ಒತ್ತಿ ಏಳಿ. ಮಂಡಿಗೆ ನೋವಾದರೆ ಕೆಳಗೆ ದಿಂಬು ಹಾಕಿ. ಮಂಡಿ ಚಿಪ್ಪು ಬದಲಿಸಿಕೊಂಡವರು ಮಂಡಿಯೂರಬಹುದೇ ಎಂದು ಶಸ್ತ್ರಚಿಕಿತ್ಸಕರನ್ನು ಕೇಳಿಯೇ ಮಾಡಿ. ಬಿದ್ದಾಗ ಮೂಳೆ ಮುರಿಯದಿದ್ದರೂ ಏಳಲಾಗದೆ ಗಂಟೆಗಟ್ಟಲೆ ನೆಲದ ಮೇಲೆ ಬಿದ್ದಿರುವ ಒಂಟಿ ಹಿರಿಯರ ಪಾಡನ್ನು ನೆನೆದರೆ, ಈ ಒಂದು ವಿದ್ಯೆ ಎಲ್ಲರಿಗೂ ಗೊತ್ತಿರಬೇಕು ಎನಿಸುತ್ತದೆ. ಮಕ್ಕಳು ದೂರದೂರಿನಲ್ಲೋ ಪರದೇಶದಲ್ಲೋ ಇದ್ದು ತಾವಿಬ್ಬರೇ ಇರುವ ದಂಪತಿಗಳು ಇದನ್ನು ಖಂಡಿತ ಕಲಿಯಿರಿ.

ಎಷ್ಟು, ಯಾವಾಗ, ಹೇಗೆ ಹೆಚ್ಚಿಸುವುದು

ಸೋಮವಾರ, ಬುಧವಾರ, ಶುಕ್ರವಾರ ಎಂದಿಟ್ಟುಕೊಳ್ಳಿ. ನಡುವೆ ಒಂದು ದಿನದ ಬಿಡುವು ಬೇಕೇ ಬೇಕು, ಸ್ನಾಯು ಕಟ್ಟಿಕೊಳ್ಳುವುದು ಆ ಬಿಡುವಿನಲ್ಲಿ. ಮಿಕ್ಕ ದಿನಗಳಲ್ಲಿ ನಿಮ್ಮ ಮಾಮೂಲು ನಡಿಗೆ. ಮೊದಲ ಐದು ನಿಮಿಷ ನಿಂತಲ್ಲೇ ಹೆಜ್ಜೆ ಹಾಕಿ, ಕೈ ತಿರುಗಿಸಿ ಮೈ ಬೆಚ್ಚಗೆ ಮಾಡಿಕೊಳ್ಳಿ. ಬೆಳಿಗ್ಗೆ ಎದ್ದ ಕೂಡಲೇ ಕೀಲುಗಳು ಬಿಗಿದಿರುತ್ತವೆ, ತಿಂಡಿಯಾಗಿ ಒಂದೂವರೆ ಗಂಟೆ ಕಳೆದ ಮೇಲೆ ಅಥವಾ ಸಂಜೆ ಮಾಡುವುದು ವಾಸಿ. ಮೊದಲ ಎರಡು ವಾರ ಪ್ರತಿಯೊಂದೂ ಒಂದೇ ಸುತ್ತು, ಆಮೇಲೆ ಎರಡು, ಬೇಕಾದವರಿಗೆ ಮೂರು.

ಭಾರ ಎಷ್ಟಿರಬೇಕು? ಸುತ್ತಿನ ಕೊನೆಗೆ 'ಇನ್ನು ಎರಡು ಮೂರು ಮಾಡಬಹುದಿತ್ತು, ಅದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ' ಎನಿಸುವಷ್ಟು. ಮಾತಾಡುತ್ತಾ ಇಪ್ಪತ್ತು ಸಲ ಮಾಡಲಾಗುತ್ತಿದ್ದರೆ ಭಾರ ಸಾಲದು. ನಮ್ಮ ಹಿರಿಯರ ವ್ಯಾಯಾಮ ಕೆಡುವುದು ಇಲ್ಲಿ. ಅರ್ಧ ಕಿಲೋದ ಬಣ್ಣದ ಡಂಬೆಲ್ಸ್ ತಂದು, ಅದನ್ನೇ ಐದು ವರ್ಷ ಎತ್ತುತ್ತಿರುತ್ತಾರೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಗುಂಡುಕಲ್ಲು, ಸಂಗ್ರಾಣಿ ಕಲ್ಲು ಎತ್ತುವ ಹುಡುಗರನ್ನು ನೋಡಿ. ಯಾರೂ ಮೊದಲ ದಿನವೇ ದೊಡ್ಡ ಕಲ್ಲಿಗೆ ಕೈ ಹಾಕುವುದಿಲ್ಲ, ಯಾರೂ ಸಣ್ಣ ಕಲ್ಲಿಗೇ ತೃಪ್ತರಾಗುವುದೂ ಇಲ್ಲ. ಗರಡಿಯ ಆ ಕ್ರಮ ಎಪ್ಪತ್ತರವರಿಗೂ ಸಲ್ಲುತ್ತದೆ, ಕಲ್ಲು ಮಾತ್ರ ಬೇರೆ.

ಮೊದಲ ನಾಲ್ಕಾರು ವಾರದಲ್ಲಿ ಬಲ ಬೇಗ ಏರಿದಂತೆ ಕಾಣುತ್ತದೆ. ಅದು ಹೆಚ್ಚಾಗಿ ನರಗಳು ಇದ್ದ ಸ್ನಾಯುವನ್ನು ಬಳಸಲು ಕಲಿಯುವುದರಿಂದ. ಸ್ನಾಯು ನಿಜವಾಗಿ ಬೆಳೆಯುವುದು ಅದರ ನಂತರ, ಮೆಲ್ಲಗೆ. ಆಗ ಅಂಕಿ ನಿಂತಂತೆ ಕಂಡರೆ ಬಿಡಬೇಡಿ. ಅಮ್ಮನ ನೋಟ್‌ಬುಕ್ಕಿನಲ್ಲಿ ಏಳು ವಾರ ಒಂದೇ ಅಂಕಿ ಇದೆ, ಎಂಟನೆಯ ವಾರ ಎರಡು ಏರಿದೆ.

ಜಿಮ್‌ಗೆ ಹೋಗಬಹುದೇ? ಹೋಗಬಹುದು. ಹಿರಿಯರ ಮೈ ಬಲ್ಲ ತರಬೇತುದಾರರು ಇದ್ದರೆ ಮನೆಗಿಂತ ವಾಸಿ. ಪಾರ್ಕಿನ ತೆರೆದ ಜಿಮ್‌ನಲ್ಲಿ ಕೆಲವು ಯಂತ್ರಗಳು ಸುಮ್ಮನೆ ತೂಗಾಡಿಸುತ್ತವೆ, ಭಾರ ಹೆಚ್ಚಿಸಲು ಬರುವುದಿಲ್ಲ. ಅವುಗಳಿಂದ ಕೀಲು ಸಡಿಲವಾಗುತ್ತದೆ, ಬಲ ಅಷ್ಟಾಗಿ ಬರದು.

ನೋವು ಬಂದರೆ

ಮಾರನೆಯ ದಿನ ತೊಡೆ ಮುಟ್ಟಿದರೆ ನೋಯುವುದು ಸಹಜ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಕೀಲಿನ ಒಳಗೆ ಚುಚ್ಚುವ ನೋವು, ಊತ, ಕಾಲಿಗೆ ಇಳಿಯುವ ಜುಮುಜುಮು ಬೇರೆ ಮಾತು. ಆಗ ನಿಲ್ಲಿಸಿ ತೋರಿಸಿ. ಎದೆ ಬಿಗಿತ, ತಲೆಸುತ್ತು, ಉಸಿರು ಸಿಗದಿರುವುದು ಇವುಗಳಲ್ಲಿ ಒಂದು ಕಂಡರೂ ಅಂದಿಗೆ ಮುಗಿಯಿತು, ಕಡಿಮೆಯಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನುಂಗುವವರಿಗೆ ಮೈಯೆಲ್ಲ ಸ್ನಾಯುನೋವು ಶುರುವಾದರೆ ವೈದ್ಯರಿಗೆ ಹೇಳಿ, ಮಾತ್ರೆಯನ್ನು ನೀವಾಗಿ ಬಿಡಬೇಡಿ.

ಮಂಡಿ ಸವೆತದವರು 'ನಮಗೆ ಬಸ್ಕಿ ಆಗದು' ಎನ್ನುತ್ತಾರೆ. ತೊಡೆಯ ಸ್ನಾಯು ಬಲವಾದಷ್ಟೂ ಮಂಡಿಗೆ ಆಸರೆ ಹೆಚ್ಚು. ಮಂಡಿ ಸವೆತಕ್ಕೆ ವೈದ್ಯರು ಮೊದಲು ಹೇಳುವ ಚಿಕಿತ್ಸೆಗಳಲ್ಲಿ ಈ ವ್ಯಾಯಾಮವೂ ಒಂದು. ನೋವು ಹತ್ತರಲ್ಲಿ ಮೂರರಷ್ಟು ಇದ್ದು, ಮಾರನೆಯ ಬೆಳಿಗ್ಗೆಗೆ ಹೆಚ್ಚದಿದ್ದರೆ ಮುಂದುವರಿಸಬಹುದು. ಹೆಚ್ಚಿದರೆ ಇನ್ನೊಂದು ದಿಂಬು ಸೇರಿಸಿ.

ಊಟದ ತಟ್ಟೆ

ಭಾರ ಎತ್ತಿ, ಅನ್ನ ಸಾರು ಮಾತ್ರ ಉಂಡರೆ ಸ್ನಾಯು ಕಟ್ಟಲು ಇಟ್ಟಿಗೆ ಇರುವುದಿಲ್ಲ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ದೊಡ್ಡವರಿಗೆ ಹೇಳಿರುವ ಪ್ರೋಟೀನ್ ಪ್ರಮಾಣ ದೇಹದ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ. ಹಿರಿಯರಿಗೆ 1ರಿಂದ 1.2 ಗ್ರಾಂ ಬೇಕು ಎಂಬುದು ವೃದ್ಧಾಪ್ಯದ ಪೋಷಣೆಯ ಬಗ್ಗೆ ಕೆಲಸ ಮಾಡುವ ತಜ್ಞರ ಅಭಿಪ್ರಾಯ. ಅರವತ್ತು ಕಿಲೋ ತೂಗುವವರಿಗೆ ದಿನಕ್ಕೆ 60ರಿಂದ 72 ಗ್ರಾಂ ಆಯಿತು. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಲೆಕ್ಕ ಸಲ್ಲದು, ಅವರು ವೈದ್ಯರು ಹೇಳಿದಷ್ಟೇ ತಿನ್ನಬೇಕು.

ಇದು ನಮ್ಮ ಅಡುಗೆಮನೆಯಲ್ಲೇ ಸಿಗುತ್ತದೆ. ಐವತ್ತು ಗ್ರಾಂ ಹುರುಳಿಕಾಳು ಮೊಳಕೆ ಕಟ್ಟಿ ಉಸಲಿ ಮಾಡಿದರೆ 11 ಗ್ರಾಂ. ಮೂವತ್ತು ಗ್ರಾಂ ಕಡಲೆಕಾಯಿ ಬೀಜದಲ್ಲಿ ಏಳೆಂಟು ಗ್ರಾಂ. ಒಂದು ಲೋಟ ಹಾಲಿನಲ್ಲಿ 6, ಒಂದು ಮೊಟ್ಟೆಯಲ್ಲಿ 6. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ 7. ಮೀನು, ಕೋಳಿ ತಿನ್ನುವವರಿಗೆ ನೂರು ಗ್ರಾಂಗೆ ಇಪ್ಪತ್ತರಷ್ಟು ಬರುತ್ತದೆ. ಬೇಳೆಯ ಕಟ್ಟು ಬಸಿದು ಮಾಡಿದ ತಿಳಿಸಾರನ್ನೇ ನೆಚ್ಚಬೇಡಿ, ಬೇಳೆ ತಟ್ಟೆಗೆ ಬರಲಿ. ಹಿರಿಯರು ರಾತ್ರಿ ಊಟ ಬಿಟ್ಟು ಒಂದು ಬಾಳೆಹಣ್ಣು ತಿಂದು ಮಲಗುವ ರೂಢಿ ನಮ್ಮ ಮನೆಯಲ್ಲೂ ಇತ್ತು. ಅದರ ಜೊತೆಗೆ ಒಂದು ಲೋಟ ಹಾಲು, ಒಂದು ಹಿಡಿ ಹುರಿಗಡಲೆ ಸೇರಿಸಿದೆವು. ಒಂದೇ ಹೊತ್ತಿಗೆ ತುಂಬುವ ಬದಲು ಮೂರು ಹೊತ್ತಿಗೂ ಹಂಚಿ.

ನಡುವೆ ನಿಂತುಹೋದರೆ

ನಿಲ್ಲುತ್ತದೆ. ಜ್ವರ ಬರುತ್ತದೆ, ಮದುವೆ ಬರುತ್ತದೆ, ತೀರ್ಥಯಾತ್ರೆಗೆ ಹೋಗುತ್ತೀರಿ. ಹತ್ತು ದಿನ ಹಾಸಿಗೆ ಹಿಡಿದರೆ ಹಿರಿಯರ ಕಾಲು ಎಷ್ಟು ಸೊರಗುತ್ತದೆ ಎಂದು ಅಮೆರಿಕದ ವೈದ್ಯರು 2007ರಲ್ಲಿ ಅಳೆದು ತೋರಿಸಿದ್ದರು. ಆರೋಗ್ಯವಂತ ಹಿರಿಯರ ಕಾಲುಗಳಿಂದಲೇ ಸುಮಾರು ಒಂದು ಕಿಲೋದಷ್ಟು ಕೊಬ್ಬಿಲ್ಲದ ಮಾಂಸ ಕರಗಿತ್ತು. ಆದ್ದರಿಂದ ಕಾಯಿಲೆಯಲ್ಲೂ ವೈದ್ಯರು ಬೇಡವೆನ್ನದ ಹೊರತು ಮಂಚದ ಅಂಚಿನಿಂದ ದಿನಕ್ಕೆ ನಾಲ್ಕಾರು ಸಲ ಎದ್ದು ಕೂರಿ. ಜ್ವರವಿರುವಾಗ ಭಾರ ಬೇಡ.

ಒಂದು ವಾರ ತಪ್ಪಿದ್ದರೆ ಹಳೆಯ ಭಾರಕ್ಕೇ ಮರಳಬಹುದು. ಎರಡು ಮೂರು ವಾರ ತಪ್ಪಿದ್ದರೆ ಒಂದು ಮೆಟ್ಟಿಲು ಕೆಳಗಿಳಿದು, ಒಂದೇ ಸುತ್ತು ಮಾಡಿ, ಮುಂದಿನ ವಾರ ಎರಡು ಸುತ್ತು. ಕಳೆದ ಮಳೆಗಾಲದಲ್ಲಿ ಅಮ್ಮನಿಗೆ ಚಿಕೂನ್‌ಗುನ್ಯ ಬಂದು ಒಂದೂವರೆ ತಿಂಗಳು ಎಲ್ಲ ನಿಂತಿತು. ಕೀಲುನೋವು ಇಳಿದ ಮೇಲೆ ಅವಳೇ ಅಟ್ಟದಿಂದ ಒಂದು ದಿಂಬು ತೆಗೆಸಿ ಕುರ್ಚಿಯ ಮೇಲೆ ಹಾಕಿಸಿಕೊಂಡಳು. ನೋಟ್‌ಬುಕ್ಕಿನಲ್ಲಿ ಆ ದಿನದ ತಾರೀಖಿನ ಮುಂದೆ ಅವಳ ದುಂಡಗಿನ ಅಕ್ಷರದಲ್ಲಿ 'ದಿಂಬು 1, ಆರು ಸಲ' ಎಂದಿದೆ.